ಲಾರಿ ಬುಕಿಂಗ್ ಏಜೆಂಟ್

ಸ್ವಂತ ಲಾರಿಯೂ ಇಲ್ಲದೆ ಸ್ವಂತ ಸರಕೂ ಇಲ್ಲದೆ, ಸರಕು ಕಳಿಸುವವರಿಗೆ ಲಾರಿಯನ್ನು, ಲಾರಿ ಮಾಲೀಕರಿಗೆ ಲೋಡನ್ನು ಹುಡುಕಿಕೊಟ್ಟು ಕಮಿಷನ್ ಪಡೆಯುವ ಸ್ವತಂತ್ರ ವ್ಯವಹಾರಸ್ಥನೇ ಲಾರಿ ಬುಕಿಂಗ್ ಏಜೆಂಟ್. ಟ್ರಾನ್ಸ್‌ಪೋರ್ಟ್ ಏಜೆಂಟ್, ಲಾರಿ ಬ್ರೋಕರ್, ಲಾರಿ ಸಪ್ಲೈಯರ್ ಎಂದೂ ಕರೆಯುತ್ತಾರೆ. ದೊಡ್ಡ ಸಾಗಣೆ ಕಂಪನಿಯ ಬ್ರಾಂಚ್ ಮ್ಯಾನೇಜರ್ ಇವನಲ್ಲ. ಇವನಿಗೆ ಸಂಬಳವಿಲ್ಲ, ಲಾಭವೂ ನಷ್ಟವೂ ಇವನದೇ. ಬಂದರಿನಲ್ಲಿ ಆಮದು ರಫ್ತಿನ ಕಾಗದಪತ್ರ ನೋಡಿಕೊಳ್ಳುವ ಕಸ್ಟಮ್ಸ್ ಬ್ರೋಕರ್ ಕೂಡ ಬೇರೆಯೇ. ಆ ಕೆಲಸಕ್ಕೆ ಪರೀಕ್ಷೆ ಪಾಸು ಮಾಡಿ 2018ರ ನಿಯಮಾವಳಿಯಂತೆ ಲೈಸೆನ್ಸ್ ಪಡೆಯಬೇಕು. ಲಾರಿ ಏಜೆಂಟನಿಗೆ ಅಂಥ ಪರೀಕ್ಷೆಯಿಲ್ಲ. ಒಂದು ಮೇಜು, ಎರಡು ಫೋನು, ಒಂದು ಡೈರಿ ಇದ್ದರೆ ಆಫೀಸು ತೆರೆಯಬಹುದು. ಹಾಗೆ ತೆರೆದ ಆಫೀಸು ಎಷ್ಟು ದಿನ ತೆರೆದಿರುತ್ತದೆ ಎನ್ನುವುದು ಬೇರೆ ಲೆಕ್ಕ.

ಭಾರತದಲ್ಲಿ ಸರಕು ಸಾಗಣೆಯ ದೊಡ್ಡ ಪಾಲು ರಸ್ತೆಯ ಮೇಲೆಯೇ ನಡೆಯುತ್ತದೆ. ಆ ಲಾರಿಗಳಲ್ಲಿ ಬಹುಪಾಲು ಐದಕ್ಕಿಂತ ಕಡಿಮೆ ಗಾಡಿ ಇಟ್ಟುಕೊಂಡ ಸಣ್ಣ ಮಾಲೀಕರ ಕೈಯಲ್ಲಿವೆ. ಒಂದೇ ಲಾರಿ ಕೊಂಡು ತಾನೇ ಓಡಿಸುವವರೂ ಅನೇಕರು. ಇಂಥ ಮಾಲೀಕನಿಗೆ ಪೀಣ್ಯದ ಯಾವ ಕಾರ್ಖಾನೆಯಲ್ಲಿ ಇವತ್ತು ಮಾಲು ಸಿದ್ಧವಾಗಿದೆ ಎಂಬುದು ಗೊತ್ತಾಗುವ ದಾರಿಯಿಲ್ಲ. ಕಾರ್ಖಾನೆಯವರಿಗೂ ರಾಯಚೂರಿನ ಕಡೆಯ ಯಾವ ಗಾಡಿ ನೆಲಮಂಗಲದ ಹತ್ತಿರ ಖಾಲಿ ನಿಂತಿದೆ ಎಂಬುದು ತಿಳಿಯದು. ಇಬ್ಬರ ನಡುವಿನ ಈ ಕತ್ತಲೆಯಲ್ಲೇ ಏಜೆಂಟ್ ಹುಟ್ಟಿದ್ದು. ಆದರೆ ಅವನು ಇಂದಿಗೂ ಉಳಿದಿರುವುದು ಸುದ್ದಿ ಗೊತ್ತಿರುವುದರಿಂದಲ್ಲ. ಉದ್ದರಿ ಕೊಡುವುದರಿಂದ ಮತ್ತು ತಕರಾರು ಬಂದಾಗ ಮಧ್ಯೆ ನಿಲ್ಲುವುದರಿಂದ. ಈ ವ್ಯತ್ಯಾಸ ಹಿಡಿಯದೆ ಅವನನ್ನು ಬರೀ ದಲ್ಲಾಳಿ ಎಂದು ತಳ್ಳಿಹಾಕಿದವರು, ಅವರಲ್ಲಿ ಬಂಡವಾಳ ಹಾಕಿದವರೂ ಇದ್ದಾರೆ, ಲೆಕ್ಕ ತಪ್ಪಿದ್ದಾರೆ.

ಹಿನ್ನೆಲೆ

ರೈಲು ಬರುವ ಮುಂಚೆ ದಖ್ಖನ್ನಿನ ದೂರದ ಸಾಗಣೆಯನ್ನು ನಡೆಸಿದವರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಹೋಗುತ್ತಿದ್ದ ಬಂಜಾರರು. ಅವರು ಸಾಗಿಸುವವರೂ ಹೌದು, ವ್ಯಾಪಾರಿಗಳೂ ಹೌದು. ಸರಕಿನ ಒಡೆಯ ಒಬ್ಬ, ಗಾಡಿಯ ಒಡೆಯ ಇನ್ನೊಬ್ಬ ಎಂಬ ಸ್ಥಿತಿ ಗಟ್ಟಿಯಾದ ಮೇಲೆಯೇ ನಡುವಿನವನಿಗೆ ಜಾಗ. ಬ್ರಿಟಿಷ್ ಸರ್ಕಾರ 1865ರಲ್ಲಿ ಕ್ಯಾರಿಯರ್ಸ್ ಆ್ಯಕ್ಟ್ ತಂದು, ಬಾಡಿಗೆಗೆ ಸರಕು ಒಯ್ಯುವವನ ಹೊಣೆಯೇನು ಎಂದು ಗೊತ್ತುಮಾಡಿತು. ಎತ್ತಿನ ಗಾಡಿಯ ಕಾಲದ ಆ ಕಾನೂನು ಹದಿನಾರು ಚಕ್ರದ ಲಾರಿಗೂ ಅನ್ವಯವಾಗುತ್ತ 2011ರವರೆಗೆ ಬದುಕಿತ್ತು.

1939ರ ಮೋಟಾರು ವಾಹನ ಕಾಯ್ದೆ ಪರ್ಮಿಟ್ ಪದ್ಧತಿಯನ್ನು ಬಿಗಿ ಮಾಡಿತು. ಒಂದು ರಾಜ್ಯದ ಲಾರಿ ಇನ್ನೊಂದಕ್ಕೆ ಕಾಲಿಡಬೇಕಾದರೆ ಅಲ್ಲಿಯ ಅನುಮತಿ ಬೇಕಿತ್ತು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂದ ಮೇಲೆ ದೂರದ ಓಡಾಟ ಸಲೀಸಾಯಿತು. 2010ರ ಮೇ ತಿಂಗಳಿಂದ ರಾಜ್ಯ ರಾಜ್ಯಕ್ಕೆ ಬೇರೆ ಬೇರೆ ಶುಲ್ಕ ಕಟ್ಟುವುದು ತಪ್ಪಿ, ವರ್ಷಕ್ಕೊಂದು ಒಟ್ಟು ಮೊತ್ತ ಕಟ್ಟಿದರೆ ದೇಶವಿಡೀ ಓಡುವ ವ್ಯವಸ್ಥೆಯಾಯಿತು. ಲಾರಿ ಎಷ್ಟು ದೂರ ಹೋಗುತ್ತದೋ ಅಷ್ಟು ಅಪರಿಚಿತ ಊರಿನಲ್ಲಿ ಖಾಲಿಯಾಗುತ್ತದೆ. ಅಪರಿಚಿತ ಊರಿನಲ್ಲಿ ಖಾಲಿಯಾದ ಗಾಡಿಗೆ ಏಜೆಂಟ್ ಬೇಕೇ ಬೇಕು. ಹಾಗಾಗಿ ಪರ್ಮಿಟ್ ಸಡಿಲವಾದಂತೆಲ್ಲ ಏಜೆಂಟರ ಸಂಖ್ಯೆ ಏರಿತು. ಬೆಂಗಳೂರಿನ ಕಲಾಸಿಪಾಳ್ಯ, ಚಾಮರಾಜಪೇಟೆ, ನ್ಯೂ ತರಗುಪೇಟೆಯ ಗಲ್ಲಿಗಳು, ಯಶವಂತಪುರದ ಎಪಿಎಂಸಿ ಮತ್ತು ಟ್ರಕ್ ಟರ್ಮಿನಲ್, ಮಂಗಳೂರಿನ ಬಂದರು ಮತ್ತು ಬೈಕಂಪಾಡಿ, ಹುಬ್ಬಳ್ಳಿಯ ಅಮರಗೋಳ ಇವು ಈ ಕಸುಬಿನ ಹಳೆಯ ನೆಲೆಗಳು.

ಸಣ್ಣದರಿಂದ ದೊಡ್ಡದಾದ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. ವಿಜಯ ಸಂಕೇಶ್ವರ 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಶುರುಮಾಡಿದ ಉದ್ಯಮ ಹುಬ್ಬಳ್ಳಿಗೆ ಬಂದು ವಿಆರ್‌ಎಲ್ ಆಗಿ ಬೆಳೆಯಿತು. ಆದರೆ ಆ ದಾರಿ ಏಜೆಂಟನದಲ್ಲ. ಸ್ವಂತ ಗಾಡಿ, ಸ್ವಂತ ಗೋದಾಮು, ಹತ್ತಾರು ವ್ಯಾಪಾರಿಗಳ ಬಿಡಿ ಪಾರ್ಸೆಲ್ ಸೇರಿಸಿ ಒಯ್ಯುವ ವ್ಯವಸ್ಥೆ ಅದು. ಬುಕಿಂಗ್ ಏಜೆಂಟ್ ಹೆಚ್ಚಾಗಿ ಇಡೀ ಲಾರಿಯ ಲೋಡನ್ನೇ ನೆಚ್ಚಿಕೊಂಡವನು.

ಒಂದು ಲೋಡಿನ ಕಥೆ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹುಬ್ಬಳ್ಳಿಯ ಆಫೀಸಿನಲ್ಲಿ ಫೋನ್ ಶುರು. "ಗಾಡಿ ಎಲ್ಲೈತಿ ಅಣ್ಣಾ?" "ಹಾವೇರಿ ದಾಟೇನ್ರಿ, ಮಧ್ಯಾಹ್ನಕ್ಕ ಖಾಲಿ ಆಕ್ಕೇತಿ." "ಬೆಂಗಳೂರು ಲೋಡ್ ಐತಿ, ಟೆನ್ ವೀಲರ್ ಬೇಕು, ಸಂಜೀ ಒಳಗ ಹಚ್ಚಬೇಕು." "ಎಷ್ಟ್ ಕೊಡ್ತಾರ್ರಿ?" ಇಲ್ಲಿಂದ ಮುಂದಿನ ಐದು ನಿಮಿಷದಲ್ಲಿ ಬಾಡಿಗೆ, ಅಡ್ವಾನ್ಸ್, ಹಮಾಲಿ ಯಾರದು, ಎರಡು ದಿನ ಮೀರಿ ನಿಂತರೆ ಹಾಲ್ಟಿಂಗ್ ಎಷ್ಟು ಎಂಬುದೆಲ್ಲ ಬಾಯಿಮಾತಿನಲ್ಲೇ ತೀರ್ಮಾನವಾಗುತ್ತದೆ. ಕಾಗದ ಬರುವುದು ಆಮೇಲೆ.

ಬಾಡಿಗೆ ನಿಲ್ಲುವುದು ದೂರದ ಮೇಲಲ್ಲ, ದಿಕ್ಕಿನ ಮೇಲೆ. ಕಾರಟಗಿ, ಸಿಂಧನೂರು, ಗಂಗಾವತಿಯ ರೈಸ್‌ಮಿಲ್ಲುಗಳಿಂದ ಬೆಂಗಳೂರಿಗೆ ಅಕ್ಕಿ ಬರುವ ಕಾಲದಲ್ಲಿ ಅಲ್ಲಿ ಗಾಡಿಗೆ ಬೇಡಿಕೆ. ಅದೇ ಗಾಡಿ ಮತ್ತೆ ಅತ್ತ ಹೋಗುವಾಗ ಸಿಕ್ಕಿದ ಬಾಡಿಗೆಗೆ ಹೋಗಬೇಕು, ಡೀಸೆಲ್ ಖರ್ಚು ಹುಟ್ಟಿದರೆ ಸಾಕು ಎನ್ನುವ ಲೆಕ್ಕ. ಡೀಸೆಲ್ಲೇ ಓಡಿಸುವ ಖರ್ಚಿನ ಅರ್ಧದಷ್ಟಾಗುವುದರಿಂದ ರಿಟರ್ನ್ ಲೋಡಿಲ್ಲದೆ ಖಾಲಿ ಬಂದ ಲಾರಿ ಹೋಗುವಾಗಿನ ಲಾಭವನ್ನೂ ನುಂಗಿಕೊಂಡು ಬರುತ್ತದೆ. ಕೋಲಾರದ ಟೊಮೆಟೊ, ಬ್ಯಾಡಗಿಯ ಮೆಣಸಿನಕಾಯಿ, ತಿಪಟೂರಿನ ಕೊಬ್ಬರಿ, ಮಲೆನಾಡಿನ ಅಡಿಕೆ ಒಂದೊಂದಕ್ಕೂ ಒಂದೊಂದು ಸೀಸನ್, ಒಂದೊಂದು ದಿಕ್ಕು. ಮಳೆಯೂ ಬಾಡಿಗೆ ಗೊತ್ತುಮಾಡುತ್ತದೆ: 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಮಂಗಳೂರಿನ ಗಾಡಿಗಳು ಸುತ್ತು ಬಳಸಿ ಓಡಬೇಕಾಯಿತು. ಒಳ್ಳೆಯ ಏಜೆಂಟನ ತಲೆಯಲ್ಲಿ ಈ ಪಂಚಾಂಗ ಪೂರ್ತಿ ಇರುತ್ತದೆ.

ಇನ್ನು ದುಡ್ಡು. ಲೆಕ್ಕಕ್ಕೆಂದು ಒಂದು ಟ್ರಿಪ್ ತೆಗೆದುಕೊಳ್ಳೋಣ. ಪಾರ್ಟಿ, ಅಂದರೆ ಸರಕಿನವರು, ಕೊಡಲು ಒಪ್ಪಿದ್ದು 46,000 ರೂಪಾಯಿ. ಏಜೆಂಟ್ ಲಾರಿಯವನಿಗೆ ಹೇಳಿದ್ದು 43,000. ಲೋಡ್ ಆದ ತಕ್ಷಣ ಲಾರಿಗೆ ಅಡ್ವಾನ್ಸ್ ಕೊಡಬೇಕು. ಡೀಸೆಲ್, ಟೋಲ್, ಡ್ರೈವರ್ ಬಾಟಾ ಎಲ್ಲ ಅದರಲ್ಲೇ, 35,000 ಎಂದಿಟ್ಟುಕೊಳ್ಳಿ. ಉಳಿದ 8,000 ಬ್ಯಾಲೆನ್ಸ್, ಮಾಲು ಇಳಿಸಿ ಸಹಿ ಸೀಲು ಬಿದ್ದ ರಸೀದಿ ವಾಪಸು ಬಂದ ಮೇಲೆ. ಪಾರ್ಟಿ ಮಾತ್ರ ಬಿಲ್ಲು ಕೊಟ್ಟ ನಲವತ್ತೈದು ದಿನಕ್ಕೆ ಹಣ ಹಾಕುತ್ತಾನೆ. ಅಷ್ಟು ದಿನ ಆ 35,000 ಏಜೆಂಟನ ಸ್ವಂತದ್ದು, ಅಥವಾ ಬಡ್ಡಿಗೆ ತಂದದ್ದು. ಇಂಥ ಇಪ್ಪತ್ತು ಲೋಡು ಬಾಕಿ ನಿಂತರೆ ಏಳು ಲಕ್ಷ ರೂಪಾಯಿ ರಸ್ತೆಯ ಮೇಲಿದೆ ಎಂದಾಯಿತು. ಒಬ್ಬ ಪಾರ್ಟಿ ಕೈಯೆತ್ತಿದರೆ ಹದಿನಾಲ್ಕು ಟ್ರಿಪ್ಪಿನ ಕಮಿಷನ್ ಒಂದೇ ಏಟಿಗೆ ಹೋಯಿತು. ಮೂರು ಸಾವಿರ ರೂಪಾಯಿ ಫೋನ್ ಮಾಡಿದ್ದಕ್ಕೆ ಸಿಕ್ಕ ಕೂಲಿಯಲ್ಲ, ಬಹುಮಟ್ಟಿಗೆ ಬಡ್ಡಿ ಮತ್ತು ಅಪಾಯದ ಬೆಲೆ. ಹೊಸದಾಗಿ ಬಂದವರು ಮುಗ್ಗರಿಸುವುದು ಲೋಡು ಸಿಗದೆ ಅಲ್ಲ. ಲೋಡು ಹೆಚ್ಚು ಸಿಕ್ಕಿ ಕೈಯಲ್ಲಿ ಅಡ್ವಾನ್ಸಿಗೆ ದುಡ್ಡಿಲ್ಲದೆ.

ವ್ಯತ್ಯಾಸದ 3,000 ಲಾರಿ ಮಾಲೀಕನಿಗೂ ಗೊತ್ತಿರುವುದಿಲ್ಲ, ಪಾರ್ಟಿಗೂ ಗೊತ್ತಿರುವುದಿಲ್ಲ. ಕೆಲವರು ಬಾಡಿಗೆ ಬಹಿರಂಗವಾಗಿಯೇ ಹೇಳಿ ಗಾಡಿಗಿಷ್ಟು ಎಂದು ಕಮಿಷನ್ ಹಿಡಿಯುತ್ತಾರೆ. ಮಾಲೀಕರು ಮೆಚ್ಚುವುದು ಇಂಥವರನ್ನೇ, ಆದರೆ ಲೋಡಿಲ್ಲದ ದಿನ ಹೋಗುವುದು ಯಾರಲ್ಲಿ ಲೋಡಿದೆಯೋ ಅವರ ಬಳಿಗೆ.

ಕಾಗದ ಮತ್ತು ಹೊಣೆ

ಈ ಕಸುಬಿನಲ್ಲಿ ಎಲ್ಲಕ್ಕಿಂತ ತೂಕದ ಕಾಗದ ಎಲ್‌ಆರ್, ಅಂದರೆ ಲಾರಿ ರಸೀದಿ. ಉತ್ತರ ಭಾರತದವರ ಬಿಲ್ಟಿ. ಕಳಿಸಿದವರು, ಪಡೆಯುವವರು, ಮಾಲು, ನಗ, ತೂಕ, ಗಾಡಿ ನಂಬರ್, ಬಾಡಿಗೆ ಕೊಟ್ಟಾಗಿದೆಯೋ ಇಳಿಸುವಲ್ಲಿ ಕೊಡಬೇಕೋ, ಎಲ್ಲ ಅದರಲ್ಲಿರುತ್ತದೆ. ಆ ಪುಸ್ತಕದ ಮೇಲೆ ಯಾರ ಹೆಸರು ಅಚ್ಚಾಗಿದೆಯೋ ಹೊಣೆ ಅವರದು. ಏಜೆಂಟ್ ತನ್ನದೇ ಎಲ್‌ಆರ್ ಬರೆದುಕೊಟ್ಟ ಕ್ಷಣದಲ್ಲಿ ಅವನು ಬರೀ ಮಧ್ಯವರ್ತಿಯಾಗಿ ಉಳಿಯುವುದಿಲ್ಲ, ಕಾನೂನಿನ ಕಣ್ಣಿನಲ್ಲಿ ಸಾಗಣೆದಾರನೇ ಆಗುತ್ತಾನೆ. ಇನ್ನೊಬ್ಬ ಟ್ರಾನ್ಸ್‌ಪೋರ್ಟಿನ ಎಲ್‌ಆರ್ ಮೇಲೆ ಗಾಡಿ ಹಚ್ಚಿಕೊಟ್ಟರೆ ಹೊಣೆ ಕಡಿಮೆ, ಕಮಿಷನ್ನೂ ಕಡಿಮೆ. ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದೇ ಸ್ವತಂತ್ರ ಏಜೆಂಟನ ಮುಖ್ಯ ತೀರ್ಮಾನ. ಬಹಳಷ್ಟು ಮಂದಿ ಅದನ್ನು ತೀರ್ಮಾನವೆಂದು ತಿಳಿಯದೆ, ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಪುಸ್ತಕ ಅಚ್ಚು ಹಾಕಿಸುವಾಗಲೇ ಮಾಡಿಬಿಟ್ಟಿರುತ್ತಾರೆ.

1865ರ ಕಾಯ್ದೆಯ ಜಾಗಕ್ಕೆ ಬಂದ ರಸ್ತೆ ಮೂಲಕ ಸಾಗಣೆ ಕಾಯ್ದೆ 2007ರದು. ನಿಯಮಗಳೊಂದಿಗೆ 2011ರ ಮಾರ್ಚ್ 1ರಿಂದ ಜಾರಿಗೆ ಬಂತು. ರಸೀದಿ ಕೊಟ್ಟು ಸರಕು ಸಂಗ್ರಹಿಸುವ, ಕಳಿಸುವ, ಹಂಚುವ ಬುಕಿಂಗ್ ಕಂಪನಿ, ಕಂಟ್ರಾಕ್ಟರ್, ಏಜೆಂಟ್, ಬ್ರೋಕರ್ ಎಲ್ಲರನ್ನೂ ಅದು ಸಾಮಾನ್ಯ ಸಾಗಣೆದಾರರ ಪಟ್ಟಿಗೆ ಸೇರಿಸಿ ನೋಂದಣಿ ಕಡ್ಡಾಯ ಮಾಡಿದೆ. ಮಾಲು ಕಳೆದರೆ ಅಥವಾ ಕೆಟ್ಟರೆ ಪರಿಹಾರಕ್ಕೆ ನಿಯಮ ಹಾಕಿರುವ ಮಿತಿ ಬಾಡಿಗೆಯ ಹತ್ತು ಪಟ್ಟು. ಕಳಿಸುವವನು ಹೇಳಿದ ಮಾಲಿನ ಬೆಲೆಯನ್ನು ಅದು ಮೀರುವಂತಿಲ್ಲ. ದಾವೆ ಹೂಡುವ ಮುಂಚೆ 180 ದಿನದೊಳಗೆ ನೋಟಿಸ್ ಕೊಡಬೇಕು. ಎಲ್‌ಆರ್ ಮೇಲೆ ಸಣ್ಣ ಅಕ್ಷರದಲ್ಲಿ 'ಮಾಲೀಕರ ಹೊಣೆಯ ಮೇಲೆ' ಎಂದು ಅಚ್ಚು ಹಾಕಿಸಿಕೊಂಡು ನೆಮ್ಮದಿಯಾಗಿರುವವರು ಉಂಟು. ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಆ ಸಾಲು ರಕ್ಷಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ, ಹಳೆಯ ಕಾಯ್ದೆಯ ಕಾಲದಲ್ಲೇ, ನಾಥ್ ಬ್ರದರ್ಸ್ ಎಕ್ಸಿಮ್ ಪ್ರಕರಣದಲ್ಲಿ ಹೇಳಿದೆ.

ಇದಲ್ಲದೆ 1988ರ ಮೋಟಾರು ವಾಹನ ಕಾಯ್ದೆಯ 93ನೇ ಕಲಮು, ಲಾರಿಗಳಲ್ಲಿ ಹೋಗುವ ಸರಕನ್ನು ಸಂಗ್ರಹಿಸಿ ಕಳಿಸುವ ಏಜೆಂಟನಿಗೂ ಲೈಸೆನ್ಸ್ ಬೇಕೆನ್ನುತ್ತದೆ. 1872ರ ಕರಾರು ಕಾಯ್ದೆಯ 230ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಏಜೆಂಟ್ ಸಾಮಾನ್ಯವಾಗಿ ಸ್ವತಃ ಬದ್ಧನಲ್ಲ, ಆದರೆ ಯಾರ ಪರವಾಗಿ ಮಾತಾಡುತ್ತಿದ್ದೇನೆಂದು ತಿಳಿಸದಿದ್ದರೆ ಬದ್ಧ. ಪಾರ್ಟಿಯ ಹೆಸರು ಹೇಳಿದರೆ ಲಾರಿಯವನು ಮುಂದಿನ ಸಲ ನೇರ ಅವರ ಬಳಿಗೇ ಹೋದಾನು ಎಂದು ಏಜೆಂಟ್ ಅದನ್ನು ಮುಚ್ಚಿಡುತ್ತಾನೆ. ಹಾಗೆ ಮುಚ್ಚಿಟ್ಟದ್ದರಿಂದಲೇ ಬಾಡಿಗೆಗೆ ತಾನೇ ಹೊಣೆಯಾಗುತ್ತಾನೆ.

ತೆರಿಗೆಯಲ್ಲೂ ಇದೇ ಗೆರೆ. ಜಿಎಸ್‌ಟಿಯಲ್ಲಿ ಕನ್‌ಸೈನ್‌ಮೆಂಟ್ ನೋಟ್, ಅಂದರೆ ಎಲ್‌ಆರ್, ಕೊಡುವವನು ಸರಕು ಸಾಗಣೆ ಏಜೆನ್ಸಿ. ಅವನ ಬಾಡಿಗೆಯ ಮೇಲೆ ಶೇಕಡಾ 5ರ ತೆರಿಗೆಯನ್ನು ಸಾಮಾನ್ಯವಾಗಿ ಸರಕಿನ ಕಂಪನಿಯೇ ಕಟ್ಟುತ್ತದೆ. ಅಕ್ಕಿ, ಬೇಳೆ, ಹಾಲು, ಉಪ್ಪು, ಕೃಷಿ ಉತ್ಪನ್ನಕ್ಕೆ ವಿನಾಯಿತಿಯಿದೆ. ನೋಟ್ ಕೊಡದೆ ಗಾಡಿ ಓಡಿಸುವ ಲಾರಿ ಮಾಲೀಕನಿಗೆ ತೆರಿಗೆಯಿಲ್ಲ. ಬರೀ ಕಮಿಷನ್ ಪಡೆಯುವವನ ವಹಿವಾಟು ಮಿತಿ ದಾಟಿದರೆ ಕಮಿಷನ್ ಮೇಲೆ ಶೇಕಡಾ 18.

ಇ-ವೇ ಬಿಲ್ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದೇ ತಂದ ಮೊದಲ ರಾಜ್ಯ ಕರ್ನಾಟಕ. 50,000 ರೂಪಾಯಿ ಮೀರಿದ ಸರಕಿಗೆ ಬೇಕಾದ ಈ ಬಿಲ್ಲಿನ ಮೊದಲ ಭಾಗ ಪಾರ್ಟಿಯದು, ಗಾಡಿ ನಂಬರ್ ತುಂಬುವ ಎರಡನೇ ಭಾಗ ಹೆಚ್ಚಾಗಿ ಏಜೆಂಟನ ತಲೆಗೆ. ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಶಿರಾ ಹತ್ತಿರ ರಾತ್ರಿ ಎರಡು ಗಂಟೆಗೆ ಆಕ್ಸಲ್ ಮುರಿದು ಮಾಲನ್ನು ಬೇರೆ ಗಾಡಿಗೆ ಬದಲಾಯಿಸಿದರೆ, ಆ ಹೊತ್ತಿನಲ್ಲೇ ಎದ್ದು ಕೂತು ಹೊಸ ನಂಬರ್ ಹಾಕಬೇಕು. ಅವಧಿ ಮುಗಿಯುವ ಎಂಟು ಗಂಟೆ ಮುಂಚೆ ಅಥವಾ ಮುಗಿದ ಎಂಟು ಗಂಟೆಯೊಳಗೆ ಮಾತ್ರ ವಿಸ್ತರಣೆ ಸಾಧ್ಯ. ತಪ್ಪಿ ಸಿಕ್ಕಿಬಿದ್ದರೆ ಮಾಲೂ ಗಾಡಿಯೂ ತಡೆಹಿಡಿಯಲ್ಪಡುತ್ತವೆ. 2022ರ ಜನವರಿಯಿಂದ ಬಿಡಿಸಿಕೊಳ್ಳುವ ದಂಡ ತೆರಿಗೆಯ ಎರಡು ಪಟ್ಟು.

ತೂಕ, ಕೊರತೆ, ಕಳವು

ಹೆಚ್ಚು ಹೇರಿದಷ್ಟೂ ಟನ್ನಿನ ಲೆಕ್ಕದ ಬಾಡಿಗೆ ಹೆಚ್ಚು. ಪಾರ್ಟಿಗೂ ಅದು ಬೇಕು, ಕೆಲವು ಮಾಲೀಕರಿಗೂ ಬೇಕು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನೇ ಏರಿಸಿತು. ಮೂರು ಆಕ್ಸಲ್ಲಿನ ಟೆನ್ ವೀಲರಿನ ಒಟ್ಟು ತೂಕ 25 ಟನ್‌ನಿಂದ 28.5 ಟನ್ನಿಗೆ ಹೋಯಿತು. ಇದ್ದ ಗಾಡಿಗಳಲ್ಲೇ ಹೆಚ್ಚು ಮಾಲು ಹಿಡಿಯುವಂತಾಗಿ, ಟ್ರಿಪ್ಪುಗಳ ಬೇಡಿಕೆ ಕುಗ್ಗಿತೆಂದು ಮಾಲೀಕರು ದೂರಿದರು. 2019ರ ತಿದ್ದುಪಡಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ದಂಡ ಇಟ್ಟಿದೆ. ದಂಡ ಬಿದ್ದ ದಿನ ಅದು ಯಾರ ತಲೆಗೆ ಎಂಬ ಜಗಳ ಏಜೆಂಟನ ಮೇಜಿಗೇ ಬರುತ್ತದೆ, ಲೋಡ್ ಮಾಡುವಾಗ ಅವನು ಆ ಊರಿನಲ್ಲೇ ಇರದಿದ್ದರೂ.

ಶಾರ್ಟೇಜ್ ಇನ್ನೊಂದು ನಿತ್ಯದ ತಲೆನೋವು. ಲೋಡ್ ಮಾಡಿದ ವೇಬ್ರಿಡ್ಜಿನ ಚೀಟಿಗೂ ಇಳಿಸಿದ ಕಡೆಯ ಚೀಟಿಗೂ ಐವತ್ತು ಕಿಲೋ ವ್ಯತ್ಯಾಸ ಬಂದರೆ ಅದು ಕಾಂಟಾದ ತಪ್ಪೋ, ಒಣಗಿದ ತೇವಾಂಶವೋ, ದಾರಿಯಲ್ಲಿ ಇಳಿದ ಚೀಲವೋ ಎಂದು ಯಾರೂ ಖಚಿತವಾಗಿ ಹೇಳಲಾರರು. ಪಾರ್ಟಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾನೆ; ಡ್ರೈವರ್ ನಾನು ಹಗ್ಗ ಟಾರ್ಪಾಲು ಬಿಚ್ಚಿಯೇ ಇಲ್ಲ ಎನ್ನುತ್ತಾನೆ. ಮಧ್ಯದವನು ಅರ್ಧ ತಾನು ಹೊತ್ತು ಮಾತು ಮುಗಿಸುತ್ತಾನೆ.

ಇದಕ್ಕಿಂತ ಘೋರವಾದದ್ದು ಸುಳ್ಳು ನಂಬರಿನ ಗಾಡಿ. ಬೇರೆ ಯಾವುದೋ ಲಾರಿಯ ನಂಬರ್ ಪ್ಲೇಟ್ ಹಾಕಿಕೊಂಡು, ನಕಲಿ ಆರ್‌ಸಿ ತೋರಿಸಿ, ಅಡ್ವಾನ್ಸನ್ನೂ ಮಾಲನ್ನೂ ಹೊತ್ತುಕೊಂಡು ಮಾಯವಾಗುವ ತಂಡಗಳಿವೆ. ಅದಕ್ಕೇ ಪಳಗಿದ ಏಜೆಂಟ್ ವಾಹನ್ ದಾಖಲೆಯಲ್ಲಿ ನಂಬರ್ ತೆಗೆದು ನೋಡುತ್ತಾನೆ, ಛಾಸಿ ನಂಬರನ್ನು ಗಾಡಿಯ ಮೇಲೆಯೇ ಓದಿಸುತ್ತಾನೆ, ಡ್ರೈವರನನ್ನು ಗಾಡಿಯ ಮುಂದೆ ನಿಲ್ಲಿಸಿ ಫೋಟೊ ತರಿಸುತ್ತಾನೆ, ಮಾಲೀಕನಿಗೆ ಬೇರೆಯಾಗಿ ಫೋನ್ ಮಾಡುತ್ತಾನೆ. ಇಷ್ಟಾದ ಮೇಲೂ ಹೊಸ ಗಾಡಿಗೆ ತಾಮ್ರ, ಸಿಗರೇಟು, ಮೊಬೈಲ್ ಫೋನಿನಂಥ ಮಾಲು ಹಚ್ಚುವುದಿಲ್ಲ.

ಬಳ್ಳಾರಿ

ಒಂದೇ ಸರಕನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಅದಿರು ಸಾಗಣೆಯೇ ಸಾಕ್ಷಿ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ಸುತ್ತ ಸಾಲ ಮಾಡಿ ಲಾರಿ ಕೊಂಡವರು ಅಸಂಖ್ಯ. ಗಣಿಯಿಂದ ರೈಲು ಸೈಡಿಂಗಿಗೆ, ಬೇಲೇಕೇರಿ ಮತ್ತು ಮಂಗಳೂರು ಬಂದರಿಗೆ ಗಾಡಿ ಒದಗಿಸುವ ಏಜೆಂಟರಿಗೆ ರಿಟರ್ನ್ ಲೋಡಿನ ಚಿಂತೆಯೂ ಇರಲಿಲ್ಲ. ಹೋಗುವ ಬಾಡಿಗೆಯೇ ಅಷ್ಟಿತ್ತು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಆದೇಶ ವಿಸ್ತರಿಸಿತು. ಲಾರಿಗಳು ರಸ್ತೆಬದಿಯಲ್ಲಿ, ಹೊಲಗಳಲ್ಲಿ ನಿಂತವು. ಕಂತು ಕಟ್ಟಲಾಗದ ಗಾಡಿಗಳನ್ನು ಫೈನಾನ್ಸಿನವರು ಎಳೆದೊಯ್ದರು. ಅಕ್ಕಿ, ಹತ್ತಿ, ಸಿಮೆಂಟಿನ ಪಾರ್ಟಿಗಳನ್ನು ಕೈಬಿಡದೆ ಇಟ್ಟುಕೊಂಡಿದ್ದ ಏಜೆಂಟರಿಗೆ ಆ ಗಾಡಿಗಳೇ ಅಗ್ಗದ ಬಾಡಿಗೆಗೆ ಸಿಕ್ಕವು.

ಮೊಬೈಲು ಮತ್ತು ಆ್ಯಪ್

ಈಗ ಲೋಡಿನ ಸುದ್ದಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುರಿಯುತ್ತದೆ. ಒಂದೇ ಲೋಡು ನಾಲ್ಕು ಏಜೆಂಟರ ಕೈ ದಾಟಿ ಲಾರಿಯವನಿಗೆ ತಲುಪುವುದೂ ಉಂಟು. ಪ್ರತಿ ಕೈಯಲ್ಲೂ ಐನೂರು ಸಾವಿರ ಉದುರಿ, ಬ್ಯಾಲೆನ್ಸ್ ಯಾರ ಬಳಿ ಕೇಳಬೇಕೆಂದೇ ತಿಳಿಯದಂತಾಗುತ್ತದೆ. ಈ ಸರಪಳಿಯನ್ನೇ ಕತ್ತರಿಸುತ್ತೇವೆಂದು ಬಂದ ಕಂಪನಿಗಳಲ್ಲಿ ಹೆಸರಾದದ್ದು ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಬ್ಲ್ಯಾಕ್‌ಬಕ್. 2024ರ ನವೆಂಬರಿನಲ್ಲಿ ಷೇರುಪೇಟೆಗೆ ಬರುವ ಹೊತ್ತಿಗೆ ಅದು, ದೊಡ್ಡ ಕಂಪನಿಗಳ ಲೋಡು ಹಿಡಿದು ಬಾಡಿಗೆಯ ವ್ಯತ್ಯಾಸದಲ್ಲಿ ದುಡಿಯುವ ಮೊದಲಿನ ದಾರಿ ಬಿಟ್ಟು, ಫಾಸ್ಟ್ಯಾಗ್, ಡೀಸೆಲ್ ಪಾವತಿ, ಜಿಪಿಎಸ್ ಸೇವೆಗಳ ಕಡೆಗೆ ಹೊರಳಿತ್ತು. ಆ್ಯಪ್ ಲೋಡು ತೋರಿಸಬಲ್ಲದು. ಪಾರ್ಟಿ ಹಣ ಕೊಡದ ನಲವತ್ತೈದು ದಿನ ತನ್ನ ಗಂಟು ಹಾಕಿ ಕಾಯಲು ಅದಕ್ಕೂ ಬಂಡವಾಳ ಬೇಕು, ಇಳಿಸುವಲ್ಲಿ ಜಗಳವಾದರೆ ಹೋಗಿ ನಿಲ್ಲಲು ಊರಿನ ಮನುಷ್ಯ ಬೇಕು.

ಅಮೆರಿಕದಲ್ಲಿ ಪಾರ್ಟಿ ಹಿಡಿಯುವುದು, ಉದ್ದರಿ ಹೊರುವುದು ಈ ಎರಡೂ ಕೆಲಸ ಬೇರೆ ಬೇರೆಯಾಗಿವೆ. ಅಲ್ಲಿ ಫ್ರೈಟ್ ಬ್ರೋಕರ್ ಆಗಲು ಫೆಡರಲ್ ಲೈಸೆನ್ಸ್ ಬೇಕು, 75,000 ಡಾಲರಿನ ಬಾಂಡ್ ಬೇಕು. 2013ರವರೆಗೆ ಅದು 10,000 ಇತ್ತು. ಸ್ವತಂತ್ರ ಏಜೆಂಟ್ ಅಂಥ ಒಬ್ಬ ಬ್ರೋಕರನ ಲೈಸೆನ್ಸಿನ ನೆರಳಿನಲ್ಲಿ ಪಾರ್ಟಿ ಹಿಡಿಯುತ್ತಾನೆ, ಕಮಿಷನ್ ಹಂಚಿಕೊಳ್ಳುತ್ತಾನೆ. ಬಿಲ್ಲು, ಉದ್ದರಿ, ಲಾರಿಗೆ ಪಾವತಿ ಎಲ್ಲ ಸಾಮಾನ್ಯವಾಗಿ ಬ್ರೋಕರನ ಪಾಲಿಗೆ. ವ್ಯವಹಾರದ ದಾಖಲೆ ನೋಡುವ ಹಕ್ಕು ಅಲ್ಲಿ ಲಾರಿಯವನಿಗೂ ನಿಯಮದಲ್ಲೇ ಇದೆ. ಆ್ಯಪಿನ ಅಜ್ಜನೂ ಅಲ್ಲಿಯವನೇ: 1978ರಲ್ಲಿ ಆರೆಗನ್‌ನ ಪೋರ್ಟ್‌ಲೆಂಡಿನ ಒಂದು ಟ್ರಕ್ ಸ್ಟಾಪಿನಲ್ಲಿ ಶುರುವಾದ ಡಯಲ್-ಎ-ಟ್ರಕ್ ಎಂಬ ಲೋಡು ಪಟ್ಟಿಯೇ ಇಂದಿನ ಡಿಎಟಿ.

ಸಂಘಗಳು

ಬಾಡಿಗೆಯ ವಿಷಯದಲ್ಲಿ ಮಾಲೀಕರೂ ಏಜೆಂಟರೂ ದಿನವೂ ಎದುರುಬದುರು. ಆದರೂ ರಾಜ್ಯಮಟ್ಟದ ಒಕ್ಕೂಟ ಲಾರಿ ಮಾಲೀಕರದೂ ಏಜೆಂಟರದೂ ಸೇರಿ ಒಂದೇ. 2025ರ ಏಪ್ರಿಲ್ 1ರಂದು ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇಕಡಾ 18.44ರಿಂದ 21.17ಕ್ಕೆ ಏರಿದಾಗ, ಅದೇ ತಿಂಗಳ 14ರ ಮಧ್ಯರಾತ್ರಿಯಿಂದ ಮುಷ್ಕರ ಹೂಡಿದ್ದು ಈ ಒಕ್ಕೂಟ. ಒಪ್ಪಿದ ಬಾಡಿಗೆಗೆ ನಡುದಾರಿಯಲ್ಲಿ ಡೀಸೆಲ್ ಏರಿದರೆ ನಷ್ಟ ಮಾಲೀಕನದು, ಮುಂದಿನ ಲೋಡಿಗೆ ಗಾಡಿ ಸಿಗದ ಪೇಚಾಟ ಏಜೆಂಟನದು. ಕೆಲವು ಊರುಗಳಲ್ಲಿ ಸ್ಥಳೀಯ ಸಂಘಗಳು ಸರದಿ ಪದ್ಧತಿ ಇಟ್ಟುಕೊಂಡಿವೆ. ಊರಿನ ಗಾಡಿಗಳ ನಂಬರ್ ಮುಗಿಯುವತನಕ ಹೊರಗಿನ ಗಾಡಿಗೆ ಲೋಡಿಲ್ಲ, ಏಜೆಂಟನಿಗೂ ಆಯ್ಕೆಯಿಲ್ಲ. ಅಗ್ಗದ ಹೊರಗಿನ ಗಾಡಿ ಗೇಟಿನಲ್ಲೇ ನಿಂತಿರುವಾಗ ಇದು ಪಾರ್ಟಿಗೆ ಅನ್ಯಾಯವೆನಿಸುತ್ತದೆ, ಅನಿಸಲು ಕಾರಣವೂ ಇದೆ; ಆದರೆ ಆ ಸರದಿಯಿಲ್ಲದಿದ್ದರೆ ಒಂದು ಗಾಡಿಯ ಮಾಲೀಕನಿಗೆ ತಿಂಗಳಿಗೆ ಎಷ್ಟು ಲೋಡು ಸಿಕ್ಕೀತು ಎಂಬುದನ್ನೂ ಕೇಳಬೇಕು.

ಬಾಕಿ ವಸೂಲಿಯೂ ಬಹುಮಟ್ಟಿಗೆ ಸಂಘದ ಕೆಲಸವೇ. ಎಂಟು ಸಾವಿರದ ಬ್ಯಾಲೆನ್ಸಿಗೆ ಯಾರೂ ವಕೀಲರನ್ನು ಹಿಡಿಯುವುದಿಲ್ಲ. ಲಾರಿಯವನು ಎಲ್‌ಆರ್ ಪ್ರತಿ ಹಿಡಿದುಕೊಂಡು ಸಂಘದ ಆಫೀಸಿಗೆ ಬರುತ್ತಾನೆ; ಪದಾಧಿಕಾರಿಗಳು ಏಜೆಂಟನನ್ನು ಕರೆಸುತ್ತಾರೆ; ಅವನು ಪಾರ್ಟಿ ಮುರಿದುಕೊಂಡ ಶಾರ್ಟೇಜಿನ ಚೀಟಿ ಮುಂದಿಡುತ್ತಾನೆ. ಐದೂವರೆ ಸಾವಿರಕ್ಕೋ ಆರಕ್ಕೋ ಮಾತು ನಿಲ್ಲುತ್ತದೆ, ಅಲ್ಲೇ ಫೋನ್‌ಪೇ ಆಗುತ್ತದೆ. ಕೊಡದವನ ಹೆಸರು ಆ ಸಂಜೆಯೇ ಗುಂಪುಗಳಿಗೆ ಹೋಗುತ್ತದೆ, ಮಾರನೆಯ ದಿನದಿಂದ ಅವನಿಗೆ ಗಾಡಿ ಸಿಗುವುದು ಪೂರ್ತಿ ಬಾಡಿಗೆ ಮುಂಗಡ ಇಟ್ಟರೆ ಮಾತ್ರ.